ರಾಡ್ ವರ್ತ್ ಅಳತೆಗೂ ಕಂಪ್ಯೂಟರ್ ಮಾಡೆಲ್‌ಗೂ ತಾಳೆ ಬರ್ತಿಲ್ವಾ? ಎಡವಟ್ಟು ಎಲ್ಲಿದೆ ಅಂತ ಹುಡುಕೋ ದಾರಿ

ಸಮಸ್ಯೆ ಇದು. ಸಣ್ಣ ರಿಸರ್ಚ್ ರಿಯಾಕ್ಟರ್, ಟ್ರಿಗಾ ಮಾರ್ಕ್ 2 ಅಂತಲೇ ಇಟ್ಕೊಳ್ಳಿ. ನ್ಯೂಟ್ರಾನ್ ನುಂಗೋ ಒಂದು ಕಂಟ್ರೋಲ್ ರಾಡ್ ಕ್ಯಾಲಿಬ್ರೇಟ್ ಮಾಡಿದ್ರಿ, ಅದರ ವರ್ತ್, ಅಂದ್ರೆ ಆ ರಾಡ್ ಎಷ್ಟು ರಿಯಾಕ್ಟಿವಿಟಿ ಬದಲಿಸುತ್ತೆ ಅನ್ನೋದು, 2.40 ಡಾಲರ್ ಬಂತು. ಅದೇ ರಾಡನ್ನ ಎಂಸಿಎನ್‌ಪಿಲೋ ಸರ್ಪೆಂಟ್‌ನಲ್ಲೋ ಓಪನ್‌ಎಂಸಿಲೋ (ಮೂರೂ ನ್ಯೂಟ್ರಾನ್ ಓಡಾಟನ ಮಾಂಟೆ ಕಾರ್ಲೋ ವಿಧಾನದಲ್ಲಿ ಅನುಕರಿಸೋ ಕಂಪ್ಯೂಟರ್ ಕೋಡ್) ಮೇಲೆ ಕೆಳಗೆ ಮಾಡಿ ಲೆಕ್ಕ ಹಾಕಿದ್ರೆ 1850 ಪಿಸಿಎಂ ಅಂತಿದೆ. ಅಳತೆ ಮಾಡಿದೋರು ಮಾಡೆಲ್ ಸರಿ ಇಲ್ಲ ಅಂತಾರೆ, ಮಾಡೆಲ್ ಬರೆದೋರು ನಿಮ್ಮ ಡಿಟೆಕ್ಟರ್ ಸರಿ ಇಲ್ಲ ಅಂತಾರೆ, ಮಧ್ಯದಲ್ಲಿ ರಿಪೋರ್ಟ್ ಬರೀಬೇಕಾದ ಸ್ಟೂಡೆಂಟ್ ಒದ್ದಾಡ್ತಾನೆ.

ಹೊಸಬರಿಗೆ ಎರಡು ಮಾತು: ರಿಯಾಕ್ಟರ್ ಕ್ರಿಟಿಕಲ್ ಸ್ಥಿತಿಯಿಂದ (ನ್ಯೂಟ್ರಾನ್ ಹುಟ್ಟೋದೂ ಹೋಗೋದೂ ಸಮ ಇರೋ ಸ್ಥಿತಿ) ಎಷ್ಟು ಆಚೆ ಈಚೆ ಇದೆ ಅನ್ನೋದೇ ರಿಯಾಕ್ಟಿವಿಟಿ, ಅದರ ಲಕ್ಷದ ಒಂದು ಪಾಲು ಪಿಸಿಎಂ, ಅದನ್ನೇ ಬೀಟಾ ಎಫೆಕ್ಟಿವ್‌ನಿಂದ ಭಾಗಿಸಿದ್ರೆ ಡಾಲರ್, ಡಾಲರ್‌ನ ನೂರನೇ ಒಂದು ಭಾಗ ಸೆಂಟ್. ಬೀಟಾ ಅಂದ್ರೆ ಒಟ್ಟು ನ್ಯೂಟ್ರಾನ್‌ಗಳಲ್ಲಿ ತಡವಾಗಿ ಬರೋ ಡಿಲೇಡ್ ನ್ಯೂಟ್ರಾನ್‌ಗಳ ಪಾಲು.

ಮೊದಲು ಒಂದು ವಿಷಯ ತಲೇಲಿಟ್ಕೊಂಡ್ರೆ ಅರ್ಧ ಜಗಳ ಮುಗಿಯುತ್ತೆ. ರಿಯಾಕ್ಟಿವಿಟಿನ ನೇರವಾಗಿ ಅಳೆಯೋ ಮೀಟರ್ ಯಾವ್ದೂ ಇಲ್ಲ. ನೀವು ಅಳೆದಿದ್ದು ಕೌಂಟ್ ರೇಟ್ ಮತ್ತೆ ಟೈಮ್, ಅಷ್ಟೆ. ಅದನ್ನ ರಿಯಾಕ್ಟಿವಿಟಿ ಮಾಡಿದ್ದು ಇನ್‌ಅವರ್ ಸಮೀಕರಣ ಅಥವಾ ಇನ್ವರ್ಸ್ ಕೈನೆಟಿಕ್ಸ್ (ಪವರ್ ಏರಿಳಿತದಿಂದ ರಿಯಾಕ್ಟಿವಿಟಿ ತೆಗೆಯೋ ಎರಡು ದಾರಿ), ಅದರೊಳಗೆ ಆರು ಗುಂಪಿನ (ಎಷ್ಟು ತಡವಾಗಿ ಬರುತ್ತೆ ಅನ್ನೋದರ ಮೇಲೆ ವಿಂಗಡಿಸಿದ) ಡಿಲೇಡ್ ನ್ಯೂಟ್ರಾನ್ ಡೇಟಾ ಇದೆ, ಇಡೀ ಕೋರ್ ಒಂದೇ ಬಿಂದು ಅನ್ನೋ ಊಹೆ ಇದೆ. ಅಂದ್ರೆ "ಅಳತೆ" ಅಂತ ನೀವು ಟೇಬಲ್‌ನಲ್ಲಿ ಹಾಕಿದ ಕಾಲಮ್ಮು ಕೂಡ ಒಂದು ಸಣ್ಣ ಮಾಡೆಲ್‌ನಿಂದಲೇ ಬಂದಿರೋದು. ಎರಡು ಮಾಡೆಲ್ ಹೋಲಿಸ್ತಿದೀರಿ, ತಪ್ಪು ಯಾವ ಕಡೆನೂ ಇರ್ಬೋದು, ಹಂಗಾಗಿ ಇನ್‌ಪುಟ್ ಫೈಲ್ ಕೆದಕೋಕೆ ಮುಂಚೆ ವ್ಯತ್ಯಾಸ ಯಾವ ರೂಪದಲ್ಲಿದೆ ಅಂತ ನೋಡಿ.

ವ್ಯತ್ಯಾಸದ ರೂಪ

ಒಂದೇ ರಾಡ್ ಇಟ್ಕೊಂಡು ಕೂತ್ರೆ ಏನೂ ಗೊತ್ತಾಗಲ್ಲ. ಎಲ್ಲಾ ರಾಡ್‌ಗಳ ಅಳತೆ ಮತ್ತೆ ಲೆಕ್ಕದ ಅನುಪಾತ ಪಕ್ಕಪಕ್ಕ ಬರೀರಿ. ಎಲ್ಲದರಲ್ಲೂ ಹೆಚ್ಚುಕಮ್ಮಿ ಅಷ್ಟಷ್ಟೇ ಪರ್ಸೆಂಟ್ ವ್ಯತ್ಯಾಸ ಇದ್ರೆ ಅದು ಕನ್ವರ್ಷನ್ ತಪ್ಪು, ಬೀಟಾ ಕಡೆ ಅಥವಾ ಪೀರಿಯಡ್ (ಪವರ್ ಸುಮಾರು 2.7 ಪಟ್ಟು ಆಗೋಕೆ ಬೇಕಾದ ಸಮಯ) ಕಡೆ ಹೋಗಿ. ಒಂದು ರಾಡ್ ಮಾತ್ರ ಕೆಟ್ಟಿದ್ರೆ ಆ ರಾಡ್‌ನ ಜ್ಯಾಮಿತಿ, ಅದರ ಝೀರೋ ಪೊಸಿಷನ್, ಇಲ್ಲಾಂದ್ರೆ ಅದಕ್ಕೂ ಡಿಟೆಕ್ಟರ್‌ಗೂ ಇರೋ ದೂರ. ರಾಡ್ ವರ್ತ್ ದೊಡ್ಡದಾದಷ್ಟೂ ವ್ಯತ್ಯಾಸ ಬೆಳೀತಾ ಹೋದ್ರೆ ಸ್ಪೇಷಿಯಲ್ ಎಫೆಕ್ಟು (ಕೋರ್ ಒಳಗೆ ಜಾಗದಿಂದ ಜಾಗಕ್ಕೆ ನ್ಯೂಟ್ರಾನ್ ಬೇರೆ ಬೇರೆ ಥರ ಬದಲಾಗೋದು), ಸೋರ್ಸು (ರಿಯಾಕ್ಟರ್ ಶುರು ಮಾಡೋಕೆ ಇಡೋ ನ್ಯೂಟ್ರಾನ್ ಮೂಲ), ಗಾಮಾ ಹಿನ್ನೆಲೆ. ಬೆಳಿಗ್ಗೆ ಒಂಥರ ಸಂಜೆ ಒಂಥರ ಬಂದ್ರೆ ಕ್ಸೆನಾನ್ (ಫಿಷನ್‌ನಿಂದ ಹುಟ್ಟಿ ನ್ಯೂಟ್ರಾನ್ ನುಂಗೋ ಅನಿಲ) ಅಥವಾ ಟೆಂಪರೇಚರ್.

ಇದಕ್ಕಿಂತ ಚೆನ್ನಾಗಿರೋ ಟೆಸ್ಟ್ ಇನ್ನೊಂದಿದೆ, ಯಾಕೋ ಜನ ಇದನ್ನ ಕೊನೇಲಿ ಮಾಡ್ತಾರೆ, ನನ್ನ ಪ್ರಕಾರ ಮೊದಲು ಮಾಡ್ಬೇಕು. ಕ್ಯಾಲಿಬ್ರೇಷನ್ ಮಾಡುವಾಗ ಎ ರಾಡ್ ಸ್ವಲ್ಪ ಮೇಲೆ, ಬಿ ರಾಡ್ ಸ್ವಲ್ಪ ಕೆಳಗೆ, ಮತ್ತೆ ಕ್ರಿಟಿಕಲ್, ಹಿಂಗೆ ಹೋಗಿರ್ತೀರಲ್ಲ, ಆ ಒಂದೊಂದು ಕ್ರಿಟಿಕಲ್ ಪೊಸಿಷನ್ ಜೋಡಿನೂ ಲಾಗ್‌ಬುಕ್‌ನಿಂದ ತೆಗೆದು ಮಾಡೆಲ್‌ಗೆ ಹಾಕಿ ಓಡಿಸಿ. ಅಲ್ಲೆಲ್ಲಾ ರಿಯಾಕ್ಟರ್ ಕ್ರಿಟಿಕಲ್ ಆಗಿತ್ತು ಅನ್ನೋದು ಪಕ್ಕಾ, ಅದಕ್ಕೆ ಬೀಟಾ ಬೇಡ, ಪೀರಿಯಡ್ ಬೇಡ, ಕೈನೆಟಿಕ್ಸ್ ಏನೂ ಬೇಡ. ಮಾಡೆಲ್ ಕೊಡೋ ಕೆ-ಎಫೆಕ್ಟಿವ್ (ಒಂದು ತಲೆಮಾರಿನ ನ್ಯೂಟ್ರಾನ್ ಸಂಖ್ಯೆಗೂ ಹಿಂದಿನ ತಲೆಮಾರಿನದಕ್ಕೂ ಇರೋ ಅನುಪಾತ, ಕ್ರಿಟಿಕಲ್ ಆದ್ರೆ 1, ಚಿಕ್ಕದಾಗಿ ಕೆ) 1.0000 ಆಗ್ಬೇಕಿಲ್ಲ, 1.0030 ಬಂದ್ರೂ ಸರಿ, ಆದ್ರೆ ಎಲ್ಲಾ ಜೋಡಿಗೂ ಅದೇ ಬರ್ಬೇಕು. ಸಮವಾಗಿ ಬಂತು ಅಂದ್ರೆ ಎ ರಾಡ್‌ಗೂ ಬಿ ರಾಡ್‌ಗೂ ಇರೋ ಅನುಪಾತ ಮಾಡೆಲ್‌ನಲ್ಲಿ ಸರಿ ಇದೆ, ಅನುಮಾನ ಅಳತೆಯ ಕನ್ವರ್ಷನ್ ಮೇಲೆ ಹೋಗುತ್ತೆ. ಎ ರಾಡ್ ಮೇಲೆ ಹೋದಂಗೆ ಕೆ ಕೂಡ ಒಂದೇ ದಿಕ್ಕಲ್ಲಿ ಜಾರ್ತಾ ಇದ್ರೆ ಮಾಡೆಲ್‌ನಲ್ಲೇ ಯಾವುದೋ ರಾಡ್ ತಪ್ಪಾಗಿದೆ, ಡಿಟೆಕ್ಟರ್‌ನವರನ್ನ ಬೈಯೋದು ನಿಲ್ಸಿ. ಒಂದೇ ಷರತ್ತು: ಇದು ಅನುಪಾತದ ಟೆಸ್ಟ್ ಮಾತ್ರ, ಎರಡೂ ರಾಡ್ ಒಂದೇ ಪರ್ಸೆಂಟ್ ತಪ್ಪಿದ್ರೆ ಇದ್ರಲ್ಲಿ ಸಿಕ್ಕಿ ಬೀಳಲ್ಲ.

ಎಲ್ಲಾ ಕಡೆ ಒಂದೇ ಪರ್ಸೆಂಟ್: ಬೀಟಾ ನೋಡಿ

ಅಳತೆ ಡಾಲರ್‌ನಲ್ಲಿ, ಲೆಕ್ಕ ಪಿಸಿಎಂನಲ್ಲಿ. ಸೇರಲ್ಲಿ ಅಳೆದ ಅಕ್ಕಿನ ಕೇಜಿ ಲೆಕ್ಕಕ್ಕೆ ಹೋಲಿಸಿದಂಗೆ ಇದು, ಮಧ್ಯದಲ್ಲಿ ಒಂದು ಗುಣಕ ಬೇಕೇ ಬೇಕು, ಆ ಗುಣಕ ಬೀಟಾ ಎಫೆಕ್ಟಿವ್. ಪುಸ್ತಕದಲ್ಲಿ ಯು-235ಕ್ಕೆ 0.0065 ಅಂತ ಇರುತ್ತೆ, ಅದನ್ನೇ ಎತ್ತಿ ಹಾಕಿರ್ತಾರೆ. ಆದ್ರೆ ಡಿಲೇಡ್ ನ್ಯೂಟ್ರಾನ್ ಹುಟ್ಟುವಾಗಲೇ ಕಮ್ಮಿ ಎನರ್ಜಿಲಿ ಹುಟ್ಟುತ್ತೆ, ಸಣ್ಣ ಕೋರ್‌ನಿಂದ ಸೋರಿ ಹೋಗೋದು ಕಮ್ಮಿ, ಹಂಗಾಗಿ ಅದರ ಬೆಲೆ ಜಾಸ್ತಿ, ಟ್ರಿಗಾದಲ್ಲಿ ಬೀಟಾ ಎಫೆಕ್ಟಿವ್ ಸುಮಾರು 0.0070 ಆಗುತ್ತೆ. ಮೇಲಿನ ಉದಾಹರಣೇಲಿ 0.0065 ಹಾಕಿದ್ರೆ 2.40 ಡಾಲರ್ ಅಂದ್ರೆ 1560 ಪಿಸಿಎಂ, 0.0070 ಹಾಕಿದ್ರೆ 1680. ಮಾಡೆಲ್ ಜೊತೆ 290 ಪಿಸಿಎಂ ಇದ್ದ ಅಂತರ ಅಲ್ಲಿಗೇ 170ಕ್ಕೆ ಇಳೀತು, ರಿಯಾಕ್ಟರ್ ಮುಟ್ಟಿಲ್ಲ, ಇನ್‌ಪುಟ್ ಫೈಲೂ ಮುಟ್ಟಿಲ್ಲ.

ಬೀಟಾನ ನಿಮ್ಮ ಮಾಡೆಲ್‌ನಿಂದಲೇ ತೆಗೀರಿ. ಎಂಸಿಎನ್‌ಪಿಲಿ ಕೆಆಪ್ಟ್ಸ್ ಕಾರ್ಡ್‌ನಲ್ಲಿ ಕೈನೆಟಿಕ್ಸ್ ಆನ್ ಮಾಡಿದ್ರೆ ಅದೇ ಕೊಡುತ್ತೆ. ಹಳೇ ವಿಧಾನನೂ ಇದೆ: ಡಿಲೇಡ್ ನ್ಯೂಟ್ರಾನ್ ಆಫ್ ಮಾಡಿ ಒಂದು ಸಲ, ಆನ್ ಮಾಡಿ ಒಂದು ಸಲ ಓಡಿಸಿ, ಎರಡರ ಅನುಪಾತನ ಒಂದರಿಂದ ಕಳೆಯೋದು. ಅದಕ್ಕೆ ತಾಳ್ಮೆ ಬೇಕು ಯಾಕಂದ್ರೆ ಒಂದೊಂದು ಕೆ ಮೇಲೆ 5 ಪಿಸಿಎಂ ಅನಿಶ್ಚಿತತೆ ಇದ್ರೂ 700 ಪಿಸಿಎಂ ಬೀಟಾ ಮೇಲೆ 1 ಪರ್ಸೆಂಟ್ ಬರುತ್ತೆ.

ಫ್ಯೂಯಲ್ ಯು-235 ಅಲ್ಲದೇ ಇದ್ರೆ ಕಥೆನೇ ಬೇರೆ. ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರ್, 30 ಕಿಲೋವಾಟ್, 1996ರ ಅಕ್ಟೋಬರ್‌ನಲ್ಲಿ ಮೊದಲ ಸಲ ಕ್ರಿಟಿಕಲ್ ಆಗಿದ್ದು, ಓಡೋದು ಯು-233 ಮೇಲೆ. ಯು-233ರ ಬೀಟಾ 0.0026ರ ಆಸುಪಾಸು. ಅಂಥ ಕೋರ್‌ಗೆ ಯು-235ರ ಬೀಟಾ ಹಾಕಿಬಿಟ್ರೆ ಪಿಸಿಎಂ ಲೆಕ್ಕ ಎರಡೂವರೆ ಪಟ್ಟು ಉಬ್ಬುತ್ತೆ. ಇಷ್ಟು ದೊಡ್ಡ ತಪ್ಪು ಯಾರಿಗಾದ್ರೂ ಕಣ್ಣಿಗೆ ಬೀಳುತ್ತೆ, ಆದ್ರೆ ಸುಟ್ಟ ಫ್ಯೂಯಲ್‌ನಲ್ಲಿ ಪ್ಲುಟೋನಿಯಂ ಸೇರ್ಕೊಂಡು ಬೀಟಾ ಎರಡು ಮೂರು ಪರ್ಸೆಂಟ್ ಇಳಿದಿರೋದು ಕಣ್ಣಿಗೆ ಬೀಳಲ್ಲ, ಅದೇ ಅಪಾಯ.

ಇನ್ನೊಂದು ಪಕ್ಕಾ ದೇಸಿ ತಪ್ಪು, ಡಬ್ಲಿಂಗ್ ಟೈಮ್‌ನ ಪೀರಿಯಡ್ ಅಂತ ಹಾಕೋದು. ಸ್ಟಾಪ್‌ವಾಚ್ ಹಿಡ್ಕೊಂಡು ಪವರ್ ಎರಡು ಪಟ್ಟು ಆಗೋಕೆ 30 ಸೆಕೆಂಡ್ ಅಂತ ಬರ್ಕೊಂಡ್ರೆ ಪೀರಿಯಡ್ 30 ಅಲ್ಲ, 0.693ರಿಂದ ಭಾಗಿಸಿ 43 ಸೆಕೆಂಡ್. 30 ಸೆಕೆಂಡ್ ಪೀರಿಯಡ್ ಅಂದ್ರೆ ಸುಮಾರು 23 ಸೆಂಟ್, 43 ಸೆಕೆಂಡ್ ಅಂದ್ರೆ 18 ಸೆಂಟ್. ಒಬ್ಬರು ಅಳೆದು ಇನ್ನೊಬ್ಬರು ಎಕ್ಸೆಲ್‌ಗೆ ತುಂಬೋ ಕಡೆ ಇದು ಖಂಡಿತ ಚೆಕ್ ಮಾಡ್ಬೇಕು.

ಪೀರಿಯಡ್ ಗೆರೆ ನೆಟ್ಟಗಿದ್ಯಾ?

ಪಾಸಿಟಿವ್ ಪೀರಿಯಡ್ ವಿಧಾನದಲ್ಲಿ (ರಾಡ್ ಸ್ವಲ್ಪ ಎತ್ತಿ ಪವರ್ ಏರೋ ವೇಗ ಅಳೆಯೋದು) ಒಂದೇ ಒಂದು ಗ್ರಾಫ್ ನೋಡಿದ್ರೆ ಅರ್ಧ ರೋಗ ಗೊತ್ತಾಗುತ್ತೆ, ಕೌಂಟ್ ರೇಟ್‌ನ ಲಾಗ್ ಸ್ಕೇಲ್‌ನಲ್ಲಿ ಟೈಮ್‌ಗೆ ಎದುರಾಗಿ ಹಾಕಿ. ನೆಟ್ಟಗಿನ ಗೆರೆ ಬರ್ಬೇಕು. ಬರೀ ಎರಡು ಪಾಯಿಂಟ್ ಅಳೆದು ಪೀರಿಯಡ್ ತೆಗೆದಿದ್ರೆ ಗೆರೆ ಬಾಗಿದ್ಯೋ ಇಲ್ವೋ ಯಾರಿಗೂ ಗೊತ್ತಾಗಲ್ಲ, ಆ ಡೇಟಾ ನಂಬಬೇಡಿ.

ಶುರುವಲ್ಲಿ ಗೆರೆ ಕಡಿದಾಗಿದ್ದು ಆಮೇಲೆ ಮಟ್ಟ ಆಗ್ತಿದ್ರೆ ನೀವು ಅವಸರ ಮಾಡಿದೀರಿ. ರಾಡ್ ಎತ್ತಿದ ತಕ್ಷಣ ಪ್ರಾಂಪ್ಟ್ ಜಂಪ್ (ಪವರ್ ಒಮ್ಮೆಲೇ ನೆಗೆಯೋದು) ಇರುತ್ತೆ, ಅದಾದ್ಮೇಲೂ ನಿಧಾನದ ಗುಂಪುಗಳು ಹೊಂದ್ಕೊಳ್ಳೋವರೆಗೂ ಅಸಲಿ ಪೀರಿಯಡ್ ಬರಲ್ಲ, ಅತೀ ನಿಧಾನದ ಗುಂಪಿನ ಅರ್ಧಾಯುಷ್ಯವೇ 55 ಸೆಕೆಂಡ್ ಚಿಲ್ಲರೆ, ಒಂದೆರಡು ನಿಮಿಷ ಆದ್ರೂ ಬಿಡ್ಬೇಕು. ತುಂಬಾ ಕಮ್ಮಿ ಪವರ್‌ನಲ್ಲಿ ಸ್ಟಾರ್ಟಪ್ ಸೋರ್ಸ್ ಒಳಗೇ ಬಿಟ್ಟಿದ್ರೂ ಶುರು ಹಿಂಗೇ ಕಡಿದಾಗಿ ಕಾಣುತ್ತೆ. ಎರಡರಲ್ಲೂ ಪೀರಿಯಡ್ ಚಿಕ್ಕದಾಗಿ, ರಿಯಾಕ್ಟಿವಿಟಿ ದೊಡ್ಡದಾಗಿ ಬರುತ್ತೆ.

ಕೊನೇಲಿ ಗೆರೆ ಕೆಳಕ್ಕೆ ಬಾಗಿದ್ರೆ ಇಬ್ಬರ ಮೇಲೆ ಅನುಮಾನ. ಒಂದು ಟೆಂಪರೇಚರ್: ಟ್ರಿಗಾ ಫ್ಯೂಯಲ್ ಯುರೇನಿಯಂ ಝಿರ್ಕೋನಿಯಂ ಹೈಡ್ರೈಡ್, ಮಾಡರೇಟರ್ ಆಗಿರೋ, ಅಂದ್ರೆ ನ್ಯೂಟ್ರಾನ್ ವೇಗ ಇಳಿಸೋ, ಹೈಡ್ರೋಜನ್ನು ಫ್ಯೂಯಲ್ ಒಳಗೇ ಇದೆ, ಫ್ಯೂಯಲ್ ಬಿಸಿ ಆದ ಕೂಡ್ಲೇ ರಿಯಾಕ್ಟಿವಿಟಿ ಇಳಿಯುತ್ತೆ, ಒಂದು ಡಿಗ್ರಿಗೆ ಸುಮಾರು 10 ಪಿಸಿಎಂ. ಸೇಫ್ಟಿಗೆ ಇದು ವರ, ಅಳತೆಗೆ ತಲೆನೋವು, ಫ್ಯೂಯಲ್ ಹತ್ತು ಡಿಗ್ರಿ ಏರಿದ್ರೆ ನೀವು ಅಳೀತಿರೋ 150 ಪಿಸಿಎಂನಲ್ಲಿ 100 ಹೋಯ್ತು. ಎರಡನೇದು ಡೆಡ್ ಟೈಮ್, ಒಂದು ಪಲ್ಸ್ ಎಣಿಸಿದ ಮೇಲೆ ಡಿಟೆಕ್ಟರ್ ಕುರುಡಾಗಿರೋ ಸಮಯ: ಪಲ್ಸ್ ಎಣಿಸೋ ಫಿಷನ್ ಚೇಂಬರ್‌ನಲ್ಲಿ ಡೆಡ್ ಟೈಮ್ ಒಂದು ಮೈಕ್ರೋಸೆಕೆಂಡ್ ಇದ್ರೆ, ಸೆಕೆಂಡ್‌ಗೆ ಲಕ್ಷ ಕೌಂಟ್ ಹೊತ್ತಿಗೆ ಹತ್ತು ಪರ್ಸೆಂಟ್ ಹತ್ರ ಕೌಂಟ್ ಕಳ್ಕೊಂಡಿರ್ತೀರಿ.

ಇವೆರಡನ್ನ ಬೇರ್ಪಡಿಸೋದು ಸುಲಭ. ಡಿಟೆಕ್ಟರ್ ದೂರ ಸರಿಸಿ, ಇಲ್ಲಾ ದೂರದಲ್ಲಿರೋ ಇನ್ನೊಂದು ಡಿಟೆಕ್ಟರ್ ನೋಡಿ, ಮತ್ತೆ ಅದೇ ಅಳತೆ. ಬಾಗು ಅದೇ ಪವರ್‌ನಲ್ಲಿ ಬಂದ್ರೆ ಟೆಂಪರೇಚರ್, ಅದೇ ಕೌಂಟ್ ರೇಟ್‌ನಲ್ಲಿ ಬಂದ್ರೆ ಡೆಡ್ ಟೈಮ್. ಟೆಂಪರೇಚರ್ ಆದ್ರೆ ಇನ್ನೂ ಕೆಳಗಿನ ಪವರ್‌ನಿಂದ ಶುರು ಮಾಡಿ. ಇದೆಲ್ಲಾ ಲೈಸೆನ್ಸ್ ಇರೋ ಆಪರೇಟರ್ ಕೈಲಿ, ಒಪ್ಪಿಗೆ ಆಗಿರೋ ಪ್ರೊಸೀಜರ್ ಒಳಗೇ ಮಾಡೋದು, ಪೀರಿಯಡ್ ಟ್ರಿಪ್ ಸೆಟ್ಟಿಂಗ್ (ಪವರ್ ಅತಿ ವೇಗವಾಗಿ ಏರಿದ್ರೆ ರಿಯಾಕ್ಟರ್ ನಿಲ್ಸೋ ಮಿತಿ) ಮುಟ್ಟೋ ಮಾತೇ ಇಲ್ಲ.

ರಾಡ್ ಡ್ರಾಪ್ ಮಾಡಿದ್ರೆ

ಇಲ್ಲಿ ತಪ್ಪಿನ ಜಾತಿನೇ ಬೇರೆ. ರಾಡ್ ಬಿದ್ದ ಕೂಡ್ಲೇ ಪವರ್ ಒಮ್ಮೆಲೇ ಕುಸಿಯುತ್ತೆ, 3 ಡಾಲರ್ ರಾಡ್ ಆದ್ರೆ ನಾಲ್ಕನೇ ಒಂದು ಭಾಗಕ್ಕೆ, ಆಮೇಲೆ ನಿಧಾನಕ್ಕೆ ಇಳಿದು ಕೊನೆಗೆ ಸುಮಾರು 80 ಸೆಕೆಂಡ್ ಪೀರಿಯಡ್‌ಗೆ ನಿಲ್ಲುತ್ತೆ. ಆದ್ರೆ ರಾಡ್ ಬಿದ್ದ ಜಾಗದಲ್ಲಿ ಫ್ಲಕ್ಸ್, ಅಂದ್ರೆ ನ್ಯೂಟ್ರಾನ್ ಹರಿವು, ಗುಂಡಿ ಬೀಳುತ್ತೆ, ಎದುರು ಬದಿ ಅಷ್ಟು ಕುಸಿಯಲ್ಲ. ರಾಡ್ ಪಕ್ಕದಲ್ಲಿ ಕೂತಿರೋ ಡಿಟೆಕ್ಟರ್ "ಭಾರಿ ರಾಡ್" ಅನ್ನುತ್ತೆ, ಎದುರು ಬದಿಯದ್ದು "ಏನೂ ಇಲ್ಲ ಬಿಡಿ" ಅನ್ನುತ್ತೆ, ಎರಡೂ ಸುಳ್ಳು ಹೇಳ್ತಿಲ್ಲ. ಒಂದೇ ಡಿಟೆಕ್ಟರ್ ಇಟ್ಕೊಂಡು ಬಂದಿರೋ ರಾಡ್ ಡ್ರಾಪ್ ಸಂಖ್ಯೆಗೆ ನಾನು ಬೆಲೆ ಕೊಡಲ್ಲ, ಕನಿಷ್ಠ ಎರಡು ಬೇಕು, ಅದೂ ಕೋರ್‌ನ ಬೇರೆ ಬೇರೆ ಬದಿ. ಎರಡರ ನಡುವೆ ಇರೋ ಅಂತರವೇ ನಿಮ್ಮ ಸ್ಪೇಷಿಯಲ್ ತಪ್ಪು ಎಷ್ಟು ಅಂತ ತೋರಿಸುತ್ತೆ. ಸರಿ ಮಾಡೋಕೆ ಅದೇ ಮಾಂಟೆ ಕಾರ್ಲೋ ಮಾಡೆಲ್‌ನಲ್ಲಿ ಡಿಟೆಕ್ಟರ್ ಜಾಗದಲ್ಲಿ ಟ್ಯಾಲಿ (ನ್ಯೂಟ್ರಾನ್ ಎಣಿಕೆ) ಹಾಕಿ, ರಾಡ್ ಮೇಲಿದ್ದಾಗ ಕೆಳಗಿದ್ದಾಗ ಆ ಡಿಟೆಕ್ಟರ್‌ಗೂ ಇಡೀ ಕೋರ್‌ಗೂ ಅನುಪಾತ ಎಷ್ಟು ಬದಲಾಯ್ತು ಅಂತ ತೆಗೆದು ತಿದ್ದುಪಡಿ ಮಾಡ್ತಾರೆ. ಚೆಕ್ ಮಾಡ್ಬೇಕಾದ ಮಾಡೆಲ್‌ನಿಂದಲೇ ಅಳತೆ ತಿದ್ದೋದು ಒಂಥರ ಅನ್ಸುತ್ತೆ, ಆದ್ರೆ ಬೇಕಾಗಿರೋದು ಫ್ಲಕ್ಸ್ ಆಕಾರ ಮಾತ್ರ, ಅದು ಕೆ-ಎಫೆಕ್ಟಿವ್‌ನಷ್ಟು ನಾಜೂಕಲ್ಲ. ತಿದ್ದಿದ ಮೇಲೆ ಎರಡೂ ಡಿಟೆಕ್ಟರ್ ಒಂದೇ ಸಂಖ್ಯೆ ಕೊಟ್ರೆ ನೆಮ್ಮದಿ.

ಡಿಜಿಟಲ್ ರಿಯಾಕ್ಟಿವಿಟಿ ಮೀಟರ್ ಇದ್ರೆ ಅದರ ಟ್ರೇಸ್ ನೋಡಿ. ರಾಡ್ ಬೀಳೋಕೆ ಮುಂಚೆ ಸೊನ್ನೆ ಮೇಲೆ ಮಟ್ಟವಾಗಿ ಇರ್ಬೇಕು, ಇಲ್ಲಾಂದ್ರೆ ರಿಯಾಕ್ಟರ್ ಸ್ಥಿರ ಆಗೋ ಮುಂಚೆನೇ ರಾಡ್ ಬೀಳಿಸಿದೀರಿ. ಬಿದ್ದ ಮೇಲೂ ಮಟ್ಟವಾಗಿ ಇರ್ಬೇಕು. ನಿಧಾನಕ್ಕೆ ಸೊನ್ನೆ ಕಡೆ ವಾಪಸ್ ಏರ್ತಾ ಇದ್ರೆ ಲೆಕ್ಕಕ್ಕೆ ಸೇರಿಸದ ಸೋರ್ಸ್ ಇದೆ, ಅಥವಾ ಕಾಂಪನ್ಸೇಟೆಡ್ ಅಯಾನ್ ಚೇಂಬರ್‌ನ ಗಾಮಾ ಕಾಂಪನ್ಸೇಷನ್ ಸರಿ ಇಲ್ಲ, ನ್ಯೂಟ್ರಾನ್ ಇಳಿದ್ರೂ ಫಿಷನ್ ಪ್ರಾಡಕ್ಟ್ ಗಾಮಾ ಇಳಿಯಲ್ವಲ್ಲ. ಎರಡರಲ್ಲೂ ರಾಡ್ ಬೆಲೆ ಇರೋದಕ್ಕಿಂತ ಕಮ್ಮಿ ಕಾಣುತ್ತೆ. ಇದೇ ಚೇಂಬರನ್ನ ಫಿಷನ್ ಚೇಂಬರ್ ಜೊತೆ ಹೋಲಿಸಿದ್ರೆ ಗಾಮಾನಾ ಸೋರ್ಸಾ ಅಂತ ಬಯಲಾಗುತ್ತೆ.

ಬೆರಿಲಿಯಂ ಅಥವಾ ಹೆವಿ ವಾಟರ್ ಇರೋ ರಿಯಾಕ್ಟರ್‌ನಲ್ಲಿ ಮೂರನೇ ಕಳ್ಳ ಇದಾನೆ, ಫೋಟೋನ್ಯೂಟ್ರಾನ್. ಬೆರಿಲಿಯಂನಲ್ಲಿ 1.67 ಎಂಇವಿ ಮೇಲಿನ ಗಾಮಾ, ಡ್ಯೂಟೀರಿಯಂನಲ್ಲಿ 2.23 ಎಂಇವಿ ಮೇಲಿನ ಗಾಮಾ ನ್ಯೂಟ್ರಾನ್ ಒದ್ದು ಹೊರಗೆ ಹಾಕುತ್ತೆ. ಇದು ಹೆಚ್ಚುವರಿ ಡಿಲೇಡ್ ಗುಂಪುಗಳ ಥರ ವರ್ತಿಸುತ್ತೆ, ಪವರ್ ಇಳಿಯೋ ಬಾಲ 80 ಸೆಕೆಂಡ್‌ಗಿಂತ ಉದ್ದ ಎಳೆಯುತ್ತೆ. ಹೆವಿ ವಾಟರ್‌ನ ಧ್ರುವ ರಿಯಾಕ್ಟರ್ ಇರ್ಲಿ, ಬೆರಿಲಿಯಂ ಆಕ್ಸೈಡ್ ರಿಫ್ಲೆಕ್ಟರ್ ಇರೋ ಕಾಮಿನಿ ಇರ್ಲಿ, ಬರೀ ಆರು ಗುಂಪು ಹಾಕಿ ರಾಡ್ ಡ್ರಾಪ್ ಬಿಡಿಸಿದ್ರೆ ಬಾಲದಲ್ಲಿ ತಪ್ಪು ಬರೋದೇ. ಬೆರಿಲಿಯಂ ಹಳೇದಾದ್ರೆ ಇನ್ನೂ ಒಂದಿದೆ, ವರ್ಷಗಟ್ಲೆ ನ್ಯೂಟ್ರಾನ್ ತಿಂದು ಅದರೊಳಗೆ ಲಿಥಿಯಂ-6 ಮತ್ತೆ ಹೀಲಿಯಂ-3 ಸೇರುತ್ತೆ, ಎರಡೂ ನ್ಯೂಟ್ರಾನ್ ನುಂಗೋವು, ರಿಯಾಕ್ಟರ್ ನಿಲ್ಸಿದ್ರೂ ಟ್ರಿಟಿಯಂ ಕೊಳೆತು ಹೀಲಿಯಂ-3 ಏರ್ತಾನೇ ಇರುತ್ತೆ. ಮಾಡೆಲ್‌ನಲ್ಲಿ ಶುದ್ಧ ಬೆರಿಲಿಯಂ ಬರೆದು ಕೂತಿದ್ರೆ ಕೆ ಮೇಲಕ್ಕೆ ಹೋಗುತ್ತೆ.

ದಿನಕ್ಕೊಂದು ಸಂಖ್ಯೆ ಬಂದ್ರೆ

ಕ್ಸೆನಾನ್-135, ಅರ್ಧಾಯುಷ್ಯ 9 ಗಂಟೆ ಚಿಲ್ಲರೆ, ಅದರ ಅಪ್ಪ ಅಯೋಡಿನ್-135ಕ್ಕೆ ಆರೂವರೆ ಗಂಟೆ. ಹಿಂದಿನ ದಿನ ಫುಲ್ ಪವರ್‌ನಲ್ಲಿ ಓಡಿದ್ರೆ ಮಾರನೇ ಬೆಳಿಗ್ಗೆ ಅಳತೆ ನಡೀತಿರುವಾಗಲೇ ಕ್ಸೆನಾನ್ ಬದಲಾಗ್ತಿರುತ್ತೆ. ವಾರಾಂತ್ಯ ಪೂರ್ತಿ ನಿಂತಿದ್ದ ರಿಯಾಕ್ಟರನ್ನ ಸೋಮವಾರ ಬೆಳಿಗ್ಗೆ, ಬೇರೆ ಯಾರೂ ಸ್ಯಾಂಪಲ್ ಹಾಕಿ ಓಡಿಸೋ ಮುಂಚೆ ಅಳೀರಿ. ಪೂಲ್ ನೀರಿನ ಟೆಂಪರೇಚರ್ ಬರ್ಕೊಳ್ಳಿ. ಶುರುವಲ್ಲಿ ಇದ್ದ ಕ್ರಿಟಿಕಲ್ ಪೊಸಿಷನ್‌ಗೆ ಕೊನೇಲಿ ಮತ್ತೊಮ್ಮೆ ಬಂದು ನೋಡಿ, ಸರಿದಿದ್ರೆ ಆ ಸರಿದಷ್ಟೂ ಡ್ರಿಫ್ಟ್.

ಈಗ ಇನ್‌ಪುಟ್ ಫೈಲ್

ಮೊದಲು ಅಂಕಗಣಿತ. ರಾಡ್ ವರ್ತ್ ಅಂದ್ರೆ ಎರಡು ಕೆಗಳ ಬರೀ ವ್ಯತ್ಯಾಸ ಅಲ್ಲ, ಆ ವ್ಯತ್ಯಾಸನ ಎರಡು ಕೆಗಳ ಗುಣಲಬ್ಧದಿಂದ ಭಾಗಿಸ್ಬೇಕು. 1ರ ಹತ್ರ ಇದ್ರೆ ಫರಕ್ ಗೊತ್ತಾಗಲ್ಲ, ಆದ್ರೆ 0.93 ಮತ್ತೆ 0.90 ನಡುವೆ ಬರೀ ಕಳೆದ್ರೆ 3000, ಸರಿಯಾಗಿ ಮಾಡಿದ್ರೆ 3584. ಎಲ್ಲಾ ರಾಡ್ ಒಳಗಿರೋ ಕೋರ್ ಲೆಕ್ಕ ಮಾಡೋರು ಇಲ್ಲೇ ಜಾರ್ತಾರೆ.

ಆಮೇಲೆ ಸ್ಟಾಟಿಸ್ಟಿಕ್ಸ್. ಒಂದೊಂದು ಕೆಗೆ 10 ಪಿಸಿಎಂ ಇದ್ರೆ ವ್ಯತ್ಯಾಸಕ್ಕೆ 14. ಪೂರ್ತಿ ರಾಡ್‌ಗೆ ಅದು ಲೆಕ್ಕಕ್ಕಿಲ್ಲ, ಆದ್ರೆ ಒಂದು ಸ್ಯಾಂಪಲ್‌ನ 20 ಪಿಸಿಎಂ ಬೆಲೆ ಹಿಂಗೆ ತೆಗೀತೀನಿ ಅಂದ್ರೆ ಅದು ಲಾಟರಿ, ಪರ್ಟರ್ಬೇಷನ್ ವಿಧಾನ (ಸಣ್ಣ ಬದಲಾವಣೆಯ ಪರಿಣಾಮನ ನೇರವಾಗಿ ಲೆಕ್ಕ ಹಾಕೋದು) ಬಳಸಿ. ಶ್ಯಾನನ್ ಎಂಟ್ರೋಪಿ (ಫಿಷನ್ ಜಾಗಗಳ ಹಂಚಿಕೆ ಸ್ಥಿರ ಆಯ್ತಾ ಅಂತ ತೋರಿಸೋ ಸಂಖ್ಯೆ) ಮಟ್ಟ ಆಗಿದ್ಯಾ ಅಂತನೂ ನೋಡಿ, ಶುರುವಿನ ಸೈಕಲ್‌ಗಳನ್ನ ಕಮ್ಮಿ ಬಿಟ್ಟಿದ್ರೆ ಆ ಫಿಷನ್ ಹಂಚಿಕೆ ಇನ್ನೂ ಹೊಂದಿಕೊಂಡಿರಲ್ಲ.

ಜ್ಯಾಮಿತಿಲಿ ನನ್ನ ಅನುಭವದ ಪ್ರಕಾರ ಮೊದಲ ಆರೋಪಿ ಫಾಲೋವರ್. ಟ್ರಿಗಾದಲ್ಲಿ ಎಷ್ಟೋ ಕಂಟ್ರೋಲ್ ರಾಡ್‌ಗಳ ಕೆಳಗೆ ಫ್ಯೂಯಲ್ ಫಾಲೋವರ್ ಅಂಟ್ಕೊಂಡಿರುತ್ತೆ, ಬೋರಾನ್ ಕಾರ್ಬೈಡ್ ಮೇಲೆ ಹೋದಾಗ ಆ ಜಾಗಕ್ಕೆ ಬರೋದು ನೀರಲ್ಲ, ಫ್ಯೂಯಲ್. ಟ್ರಾನ್ಸಿಯೆಂಟ್ ರಾಡ್‌ಗೆ ಏರ್ ಫಾಲೋವರ್. ಎಲ್ಲಾ ರಾಡ್‌ಗೂ ಒಂದೇ ಯೂನಿವರ್ಸ್ (ಮತ್ತೆ ಮತ್ತೆ ಬಳಸೋ ಜ್ಯಾಮಿತಿ ತುಣುಕು) ಕಾಪಿ ಪೇಸ್ಟ್ ಮಾಡಿದ್ರೆ ಒಂದು ರಾಡ್ ಮಾತ್ರ ಕೆಟ್ಟದಾಗಿ ಬರುತ್ತೆ. ಎರಡನೇದು ರಾಡ್ ಪೊಸಿಷನ್: ಕನ್ಸೋಲ್ ಮೇಲಿನ ಸೊನ್ನೆ ಅಂದ್ರೆ ಅಬ್ಸಾರ್ಬರ್ ತುದಿ ಫ್ಯೂಯಲ್ ತಳಕ್ಕೆ ಸರಿಯಾಗಿ ಇದೆ ಅಂತ ಅರ್ಥ ಅಲ್ಲ, ಸ್ಟ್ಯಾಂಡರ್ಡ್ ಟ್ರಿಗಾ ಫ್ಯೂಯಲ್ 38.1 ಸೆಂಟಿಮೀಟರ್ ಉದ್ದ, ಮಧ್ಯಭಾಗದಲ್ಲಿ ರಾಡ್ ಒಂದು ಸೆಂಟಿಮೀಟರ್ ತಪ್ಪಿದ್ರೂ ಅಲ್ಲಿ ಎಸ್-ಕರ್ವ್ (ರಾಡ್ ಎತ್ತರಕ್ಕೆ ವರ್ತ್ ಎಷ್ಟು ಅನ್ನೋ ಗೆರೆ) ಕಡಿದಾಗಿರೋದ್ರಿಂದ ಜೋರಾಗಿ ಹೊಡೆಯುತ್ತೆ.

ಬೋರಾನ್ ಕಾರ್ಬೈಡ್ ಡೆನ್ಸಿಟಿ ಮೇಲೆ ಸಮಯ ಹಾಳು ಮಾಡ್ಬೇಡಿ. ಥರ್ಮಲ್ ನ್ಯೂಟ್ರಾನ್‌ಗೆ ಆ ರಾಡ್ ಕಪ್ಪು ಗೋಡೆ, ಮೇಲ್ಮೈಲೇ ನುಂಗಿ ಮುಗಿಸುತ್ತೆ, ಒಳಗೆ ಡೆನ್ಸಿಟಿ ಹತ್ತು ಪರ್ಸೆಂಟ್ ಬದಲಾದ್ರೂ ವರ್ತ್ ಅಷ್ಟಾಗಿ ಅಲ್ಲಾಡಲ್ಲ. ಹೊರಗಿನ ರೇಡಿಯಸ್ ಬದಲಾದ್ರೆ ಅಲ್ಲಾಡುತ್ತೆ, ಡ್ರಾಯಿಂಗ್‌ನಲ್ಲಿ ಕೊಟ್ಟಿರೋದು ಕ್ಲ್ಯಾಡ್ (ಹೊರ ಕವಚ) ರೇಡಿಯಸ್ಸಾ ಅಬ್ಸಾರ್ಬರ್ ರೇಡಿಯಸ್ಸಾ ನೋಡ್ಕೊಳ್ಳಿ.

ಝಿರ್ಕೋನಿಯಂ ಹೈಡ್ರೈಡ್‌ಗೆ ಥರ್ಮಲ್ ಸ್ಕ್ಯಾಟರಿಂಗ್ ಡೇಟಾ ಬೇರೆನೇ ಇದೆ, ಅದನ್ನ ಬಿಟ್ಟು ಹೈಡ್ರೋಜನ್‌ನ ಬಿಡಿ ಪರಮಾಣು ಥರ ನೋಡಿದ್ರೆ ಅಥವಾ ನೀರಿನ ಹೈಡ್ರೋಜನ್ ಡೇಟಾ ಕೊಟ್ರೆ ನ್ಯೂಟ್ರಾನ್ ಎನರ್ಜಿ ಸ್ಪೆಕ್ಟ್ರಮ್ಮೇ ಬದಲಾಗುತ್ತೆ. ಕೋಡ್ ಏನೂ ಎರರ್ ಕೊಡಲ್ಲ, ಸುಮ್ನೆ ಓಡುತ್ತೆ.

ಇನ್ನು ಹೋಲಿಕೆ. ಅಳತೆ ಮಾಡುವಾಗ ಬಿ ರಾಡ್ ಅರ್ಧದಲ್ಲಿತ್ತು, ಮಾಡೆಲ್‌ನಲ್ಲಿ ಬಿ ರಾಡ್ ಪೂರ್ತಿ ಹೊರಗಿದೆ, ಆಮೇಲೆ ಎ ರಾಡ್ ತಾಳೆ ಆಗ್ತಿಲ್ಲ ಅಂದ್ರೆ ಹೆಂಗಾಗುತ್ತೆ? ಒಂದು ರಾಡ್ ನೆರಳು ಇನ್ನೊಂದರ ಮೇಲೆ ಬೀಳುತ್ತೆ, ಎರಡರ ವರ್ತ್ ಬಿಡಿ ಬಿಡಿಯಾಗಿ ತೆಗೆದು ಕೂಡಿದ್ರೆ ಎರಡೂ ಸೇರಿದ ವರ್ತ್ ಬರಲ್ಲ. ಮೇಲಿನ ಉದಾಹರಣೇಲಿ ಉಳಿದಿದ್ದ 170 ಪಿಸಿಎಂ ಅಂಥ ಅಂತರನ ನಾನು ಮೊದಲು ಹುಡುಕೋದು ಇಲ್ಲೇ. ಕ್ಯಾಲಿಬ್ರೇಷನ್ ಹೆಜ್ಜೆ ಹೆಜ್ಜೆಯಾಗಿ ಹೇಗೆ ನಡೀತೋ ಹಾಗೇ ಮಾಡೆಲ್‌ನಲ್ಲೂ ನಡೆಸಿ.

ಕೆ ತಪ್ಪಿದೆ, ವರ್ತ್ ಸರಿ ಇದೆ

ಇದು ದೋಷ ಅಲ್ಲ ಅಂತ ಎಷ್ಟೋ ಜನಕ್ಕೆ ಒಪ್ಕೊಳ್ಳೋಕೆ ಆಗಲ್ಲ. ಸ್ಲೊವೇನಿಯಾದ ಲ್ಯುಬ್ಲ್ಯಾನಾದಲ್ಲಿರೋ ಯೋಜೆಫ್ ಸ್ಟೆಫಾನ್ ಇನ್‌ಸ್ಟಿಟ್ಯೂಟ್‌ನ 250 ಕಿಲೋವಾಟ್ ಟ್ರಿಗಾ, 1966ರಿಂದ ಇರೋದು, 1991ರಲ್ಲಿ ನವೀಕರಣ ಆದ್ಮೇಲೆ ಹೊಸ ಫ್ಯೂಯಲ್‌ನಿಂದ ಕೋರ್ ಜೋಡಿಸಿ ಎಚ್ಚರಿಕೆಯಿಂದ ಅಳೆದು, ಅದು ಅಂತಾರಾಷ್ಟ್ರೀಯ ಕ್ರಿಟಿಕಾಲಿಟಿ ಬೆಂಚ್‌ಮಾರ್ಕ್ ಹ್ಯಾಂಡ್‌ಬುಕ್ ಸೇರಿದೆ. ಸುಟ್ಟಿಲ್ಲದ ಫ್ಯೂಯಲ್, ಗೊತ್ತಿರೋ ಅಳತೆಗಳು, ಆದ್ರೂ ಅದರ ಕೆ ಮೇಲೆ ಬರೆದಿರೋ ಅನಿಶ್ಚಿತತೆ 500 ಪಿಸಿಎಂ ದಾಟುತ್ತೆ. ಹಂಗಿರುವಾಗ ದಶಕಗಟ್ಲೆ ಸುಟ್ಟ ಫ್ಯೂಯಲ್ ಇರೋ ಕೋರ್‌ಗೆ ನಿಮ್ಮ ಮಾಡೆಲ್ 300 ಪಿಸಿಎಂ ಆಚೆ ಬಂದ್ರೆ ಗಾಬರಿ ಯಾಕೆ? ಆ 300 ಎಲ್ಲಾ ಲೆಕ್ಕದಲ್ಲೂ ಒಂದೇ ಥರ ಇರೋವರೆಗೆ ವ್ಯತ್ಯಾಸ ತೆಗೆಯುವಾಗ ವಜಾ ಆಗುತ್ತೆ.

ಕೆಟ್ಟ ಚಟ ಯಾವ್ದು ಅಂದ್ರೆ ಗ್ರಾಫೈಟ್ ರಿಫ್ಲೆಕ್ಟರ್‌ನಲ್ಲಿ ಬೋರಾನ್ ಕಲ್ಮಶ ಸ್ವಲ್ಪ ಏರಿಸಿ ಕೆನ 1.0000ಕ್ಕೆ ಕೂರಿಸೋದು. ಬೋರಾನ್ ಪ್ರಮಾಣಕ್ಕೆ ಸರ್ಟಿಫಿಕೇಟ್ ಇದ್ರೆ ಹಾಕಿ, ಇಲ್ಲಾಂದ್ರೆ ಬೇಡ. ಆಗಲೇ ಯಾರೋ ಹಾಕಿಟ್ಟಿರೋ ಫೈಲ್ ನಿಮ್ಮ ಕೈಗೆ ಬಂದಿದ್ರೆ ಅದನ್ನ ಬೇರೆ ಕೋರ್ ಜೋಡಣೆ ಮೇಲೆ ಓಡಿಸಿ ನೋಡಿ, ಹೊರ ಸಾಲಿನ ಒಂದು ಫ್ಯೂಯಲ್ ಎಲಿಮೆಂಟ್ ತೆಗೆದಾಗ ರಿಯಾಕ್ಟಿವಿಟಿ ಎಷ್ಟು ಬದಲಾಯ್ತು ಅಂತ ಲಾಗ್‌ಬುಕ್‌ನಲ್ಲಿ ಇದ್ದೇ ಇರುತ್ತೆ. ರಿಫ್ಲೆಕ್ಟರ್ ಪಕ್ಕದ ಎಲಿಮೆಂಟ್‌ಗಳ ಬೆಲೆ ಮಾತ್ರ ತಪ್ಪಿ ಒಳಗಿನವು ಸರಿ ಬಂದ್ರೆ, ಆ ಬೋರಾನ್ ಸಾಲನ್ನ ಡಿಲೀಟ್ ಮಾಡಿ, ಕೆ ಎಷ್ಟು ಬರುತ್ತೋ ಅಷ್ಟನ್ನೇ ಬಯಾಸ್ (ಮಾಡೆಲ್‌ನ ಸ್ಥಿರ ತಪ್ಪು) ಅಂತ ರಿಪೋರ್ಟ್‌ನಲ್ಲಿ ಬರೀರಿ.